ಗಡಿಭಾಗದ ಮಾತು ಬಂದರೆ ಸ್ಪ್ಯಾನಿಷ್ ಅಷ್ಟೇನೂ ದೂರವಿಲ್ಲ

ನಿಪ್ಪಾಣಿಯ ಪೇಟೆಗೆ ಹೆಸರು ತಂದದ್ದು ತಂಬಾಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಎತ್ತ ನೋಡಿದರತ್ತ ಕಬ್ಬು. ಈ ಎರಡು ಬೆಳೆಗಳ ಹೆಸರಿನ ಬೆನ್ನು ಹತ್ತಿದರೆ ದಾರಿ ನೇರವಾಗಿ ಸ್ಪೇನ್ ದೇಶಕ್ಕೆ ಹೋಗುತ್ತದೆ.

1492ರಲ್ಲಿ ಕೊಲಂಬಸ್‌ನ ನಾವಿಕರು ಕ್ಯೂಬಾದಲ್ಲಿ ಎಲೆ ಸುತ್ತಿ ಸೇದುವ ಜನರನ್ನು ಕಂಡರು. ಆ ಎಲೆಗೆ ಸ್ಪ್ಯಾನಿಷ್‌ನಲ್ಲಿ 'ತಬಾಕೊ' ಎಂದು ಹೆಸರಾಯಿತು. ಪೋರ್ತುಗೀಸರ ಹಡಗಿನಲ್ಲಿ ಅದು ಹಿಂದೂಸ್ಥಾನದ ಪಶ್ಚಿಮ ಕರಾವಳಿಗೆ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ವಿಜಾಪುರದ ಆದಿಲಶಾಹಿ ರಾಜ್ಯದಲ್ಲಿ; ಅಲ್ಲಿಂದಲೇ ಅವನು ಅದನ್ನು ಬಾದಶಹನ ದರ್ಬಾರಿಗೆ ಒಯ್ದ. ಸಕ್ಕರೆಯ ಪಯಣ ಇದಕ್ಕೆ ಉಲ್ಟಾ. ಸಂಸ್ಕೃತದ 'ಶರ್ಕರಾ' ಪಾರಸಿಯಲ್ಲಿ 'ಶಕರ್' ಆಯಿತು, ಅರಬ್ಬಿಯಲ್ಲಿ 'ಸುಕ್ಕರ್' ಆಯಿತು, ಸ್ಪೇನಿಗೆ ಹೋಗಿ 'ಅಸೂಕಾರ್' ಆಯಿತು. ಮಾತು ಇಲ್ಲಿಂದ ಅಲ್ಲಿಗೂ ಹೋಗಿದೆ, ಅಲ್ಲಿಂದ ಇಲ್ಲಿಗೂ ಬಂದಿದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಪ್ರತಿ ತಿಂಗಳು ಮನೆಗೆ ಬರುವ 'ಪಗಾರ'ವನ್ನೇ ನೋಡಬಹುದು. ಪೋರ್ತುಗೀಸ್ ಭಾಷೆಯಲ್ಲಿ 'ಪಗಾರ್' ಎಂದರೆ ಹಣ ಕೊಡುವುದು. ಸ್ಪ್ಯಾನಿಷ್‌ನಲ್ಲಿಯೂ ಅದೇ ಶಬ್ದ, ಅದೇ ಅರ್ಥ. ಸಂತೆಯ 'ಬಟಾಟಿ', ಬೇಕರಿಯ 'ಪಾವ್', ಬಾಗಿಲಿನ 'ಚಾವಿ' ಎಲ್ಲವೂ ಪೋರ್ತುಗೀಸರ ಕೈಯಿಂದ ಬಂದವು. ಸ್ಪ್ಯಾನಿಷ್‌ನಲ್ಲಿ ಅವು 'ಪತಾತಾ', 'ಪಾನ್', 'ಯಾಬೆ'. ಎರಡೂ ಲ್ಯಾಟಿನ್‌ನ ಮಕ್ಕಳಾದ್ದರಿಂದ ಅಕ್ಕತಂಗಿಯರ ಹೋಲಿಕೆ ಕಾಣುತ್ತದೆ.

ಇಷ್ಟಾದರೂ ಮಗಳು ಸ್ಪ್ಯಾನಿಷ್ ಕಲಿಯುತ್ತೇನೆಂದರೆ ಗಡಿಭಾಗದ ಅನೇಕ ಪಾಲಕರ ಬಾಯಿಂದ ಬರುವ ಮೊದಲ ಮಾತು, 'ಇದ್ದ ಭಾಷೆಗಳೇ ನೆಟ್ಟಗೆ ಬರುವುದಿಲ್ಲ, ಇನ್ನೊಂದೇಕೆ?' ಎಂಬುದು. ಈ ಮಾತಿನ ಹಿಂದೆ ಒಂದು ಹಳೆಯ ಕೀಳರಿಮೆ ಇದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಥವಾ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಕೆಲವರಿಗೆ ಉರ್ದು ಬೇರೆ. ಬೆಂಗಳೂರಿನವರು ಕೇಳಿದರೆ ಕನ್ನಡ ಸರಿಯಿಲ್ಲ ಎನ್ನುತ್ತಾರೆ, ಪುಣೆಯವರು ಕೇಳಿದರೆ ಮರಾಠಿ ಸರಿಯಿಲ್ಲ ಎನ್ನುತ್ತಾರೆ. ಇದನ್ನೇ ಕೇಳುತ್ತ ಬೆಳೆದ ಮಗು ತನಗೆ ಯಾವ ಭಾಷೆಯೂ ಪೂರ್ತಿ ಬಾರದು ಎಂದು ನಂಬಿಬಿಡುತ್ತದೆ. ಸ್ಪ್ಯಾನಿಷ್‌ನ ಮೂಲ ವ್ಯಾಕರಣವನ್ನು ಒಮ್ಮೆ ಬಿಡಿಸಿ ನೋಡಿದರೆ ಆ ನಂಬಿಕೆ ತಪ್ಪೆಂದು ಗೊತ್ತಾಗುತ್ತದೆ. ಇಂಗ್ಲಿಷ್ ಒಂದನ್ನೇ ಬಲ್ಲ ಮಗು ಹೊಸದಾಗಿ ಕಲಿಯಬೇಕಾದ ಎಷ್ಟೋ ಸಂಗತಿಗಳು ಚಿಕ್ಕೋಡಿಯ ಮಗುವಿನ ನಾಲಿಗೆಯ ಮೇಲೆ ಆಗಲೇ ಇವೆ.

ಕುಪ್ವಾರದಲ್ಲಿ ಕಂಡದ್ದು

ಭಾಷಾಶಾಸ್ತ್ರ ಓದುವವರಿಗೆ ಜಗತ್ತಿನ ಎಲ್ಲೆಡೆ ಒಂದು ಹಳ್ಳಿಯ ಹೆಸರು ಪರಿಚಿತ. ಅದು ಗಡಿಯ ಆಚೆ ಬದಿ, ಸಾಂಗ್ಲಿ ಜಿಲ್ಲೆಯ ಕುಪ್ವಾರ. ಅಲ್ಲಿಯ ಮಾತನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಬರೆದ ಅಧ್ಯಯನ 1971ರಲ್ಲಿ ಅಚ್ಚಾಯಿತು. ಜೈನರು ಮತ್ತು ಲಿಂಗಾಯತರ ಮನೆಗಳಲ್ಲಿ ಕನ್ನಡ, ಮುಸಲ್ಮಾನರ ಮನೆಗಳಲ್ಲಿ ಉರ್ದು, ಇನ್ನು ಕೆಲವರಲ್ಲಿ ಮರಾಠಿ, ಕೆಲವು ಕುಟುಂಬಗಳಲ್ಲಿ ತೆಲುಗು. ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಈ ಭಾಷೆಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಮ್ಮ ತಮ್ಮ ಶಬ್ದಗಳನ್ನು ಉಳಿಸಿಕೊಂಡು, ವಾಕ್ಯ ಕಟ್ಟುವ ರೀತಿಯಲ್ಲಿ ಒಂದಕ್ಕೊಂದು ಹೊಂದಿಕೊಂಡಿದ್ದವು. ಒಂದು ಭಾಷೆಯ ವಾಕ್ಯದಲ್ಲಿ ಪದದ ಜಾಗಕ್ಕೆ ಪದ ಇಡುತ್ತ ಹೋದರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧವಾಗುತ್ತಿತ್ತು.

ಪುಸ್ತಕದ ಕನ್ನಡದಲ್ಲಿ 'ಇದು ನಿಮ್ಮ ಮನೆ' ಎಂದರೆ ಸಾಕು, ಕ್ರಿಯಾಪದ ಬೇಡ. ಕುಪ್ವಾರದ ಕನ್ನಡದಲ್ಲಿ ಕೊನೆಗೊಂದು 'ಐತಿ' ಬೇಕು, ಮರಾಠಿಯ 'ಆಹೆ' ಇದ್ದಂತೆ. ಪುಸ್ತಕದ ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಕುಪ್ವಾರದ ಮರಾಠಿಯಲ್ಲಿ ಅದು ನಪುಂಸಕಲಿಂಗದ ಕಡೆಗೆ ವಾಲಿತ್ತು, ಏಕೆಂದರೆ ಕನ್ನಡದಲ್ಲಿ ಮನುಷ್ಯರಲ್ಲದ ವಸ್ತುಗಳೆಲ್ಲ ನಪುಂಸಕ. ಕಾಗವಾಡ, ಅಥಣಿ ಕಡೆಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಅವರ ಮನೆಯಲ್ಲೂ ಇಂಥದೇ ಮಾತು ನಡೆದಿರುತ್ತದೆ. ಹೊರಗಿನವರು 'ಕಲಬೆರಕೆ' ಎಂದ ಮಾತನ್ನು ವಿದ್ವಾಂಸರು ಕ್ರಮಬದ್ಧ ವ್ಯಾಕರಣವೆಂದು ತೋರಿಸಿದರು. ಎರಡು ವ್ಯಾಕರಣಗಳ ನಡುವೆ ದಿನಕ್ಕೆ ಹತ್ತು ಸಲ ಓಡಾಡುವವನಿಗೆ ಮೂರನೆಯದರ ಬಾಗಿಲು ತಟ್ಟುವುದು ಹೊಸ ಕೆಲಸವಲ್ಲ.

'ಪ್ರಥಮ ಪುರುಷ' ಯಾರು?

ಗಡಿಯ ವಿದ್ಯಾರ್ಥಿ ಮೊದಲೇ ಬಿಡಿಸಿಕೊಳ್ಳಬೇಕಾದ ಒಂದು ಗಂಟಿದೆ. ಕನ್ನಡ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು' ಪ್ರಥಮ ಪುರುಷ. ಮರಾಠಿ ಶಾಲೆಯ ವ್ಯಾಕರಣದಲ್ಲಿ 'ಮೀ', ಅಂದರೆ ನಾನು, ಪ್ರಥಮ ಪುರುಷ, 'ತೂ' ದ್ವಿತೀಯ, 'ತೊ' ತೃತೀಯ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪುಸ್ತಕಗಳ ಕ್ರಮ ಮರಾಠಿಯದರಂತೆ. ಒಂದೇ ಓಣಿಯಲ್ಲಿ ಕನ್ನಡ ಶಾಲೆಗೆ ಹೋಗುವ ಅಣ್ಣ, ಮರಾಠಿ ಶಾಲೆಗೆ ಹೋಗುವ ತಮ್ಮ ಒಂದೇ ಹೆಸರಿನಿಂದ ಬೇರೆ ಬೇರೆಯವರನ್ನು ಕರೆಯುತ್ತಿರುತ್ತಾರೆ. ಸ್ಪ್ಯಾನಿಷ್ ಕ್ರಿಯಾಪದಗಳ ಕೋಷ್ಟಕ ಕೈಗೆ ಬಂದ ದಿನವೇ ಅದರ ಪಕ್ಕದಲ್ಲಿ ನಾನು, ನೀನು, ಅವನು ಎಂದು ಬರೆದಿಟ್ಟುಕೊಂಡರೆ ಮುಂದಿನ ತೊಂದರೆ ತಪ್ಪುತ್ತದೆ.

ಕ್ರಿಯಾಪದದಲ್ಲಿಯೇ ಕರ್ತೃ

ಇಂಗ್ಲಿಷ್‌ನಲ್ಲಿ 'ಐ' ಎಂದು ಹೇಳದೆ ಮಾತು ಹೊರಡುವುದಿಲ್ಲ. ಕನ್ನಡದಲ್ಲಿ 'ಮಾತಾಡುತ್ತೇನೆ' ಎಂದರೆ ನಾನು ಎಂಬುದು ಅದರಲ್ಲೇ ಅಡಗಿದೆ. ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ. 'ಆಬ್ಲೊ' ಮಾತಾಡುತ್ತೇನೆ, 'ಆಬ್ಲಾಸ್' ಮಾತಾಡುತ್ತೀ, 'ಆಬ್ಲಾಮೊಸ್' ಮಾತಾಡುತ್ತೇವೆ, 'ಆಬ್ಲಾನ್' ಮಾತಾಡುತ್ತಾರೆ. ವ್ಯತ್ಯಾಸ ಒಂದೇ: 'ಆಬ್ಲಾ' ಎಂದರೆ ಮಾತಾಡುತ್ತಾನೆಯೂ ಆಗಬಹುದು, ಮಾತಾಡುತ್ತಾಳೆಯೂ ಆಗಬಹುದು. ಆ ಮಟ್ಟಿಗೆ ಕನ್ನಡದ ಕ್ರಿಯಾಪದವೇ ಹೆಚ್ಚು ಹೇಳುತ್ತದೆ. ಇಂಗ್ಲಿಷ್ ಮೂಲಕವೇ ಕಲಿಯುವವರು ಪ್ರತಿ ವಾಕ್ಯಕ್ಕೂ 'ಯೊ, ಯೊ', ಅಂದರೆ 'ನಾನು, ನಾನು' ಎಂದು ಸೇರಿಸುತ್ತ ಹೋಗುವುದುಂಟು. ಕನ್ನಡದ ಮಗು ಆ ತಪ್ಪನ್ನು ಮಾಡಬೇಕಾಗಿಲ್ಲ.

ನೀನು, ನೀವು ಎಂಬ ಭೇದವೂ ಸ್ಪ್ಯಾನಿಷ್‌ನಲ್ಲಿದೆ. ಗೆಳೆಯನಿಗೆ 'ತೂ', ದೊಡ್ಡವರಿಗೆ 'ಉಸ್ತೆದ್'. ಈ 'ತೂ' ಮರಾಠಿಯ 'ತೂ'ಗೆ ಉಚ್ಚಾರದಲ್ಲೂ ಅರ್ಥದಲ್ಲೂ ಸರಿಸಮ. 'ಉಸ್ತೆದ್' ಎಂಬುದು 'ತಮ್ಮ ಕೃಪೆ' ಎಂಬರ್ಥದ ಹಳೆಯ ಗೌರವದ ನುಡಿ ಸವೆದು ಉಳಿದ ರೂಪ. ಆದ್ದರಿಂದ ಎದುರಿಗಿರುವವರಿಗೆ ಹೇಳಿದರೂ ಅದರ ಕ್ರಿಯಾಪದ ಮಾತ್ರ 'ಅವನು' ಎಂಬುದಕ್ಕೆ ಹಚ್ಚುವ ರೂಪದಲ್ಲಿರುತ್ತದೆ.

'ನನಗೆ ಸೇರುತ್ತದೆ'

ಸ್ಪ್ಯಾನಿಷ್ ಕಲಿಯುವ ಇಂಗ್ಲಿಷ್ ಮಾತಿನವರು ಮೊದಲ ವರ್ಷ ಎಡವುವ ಕಲ್ಲೊಂದಿದೆ. 'ಮಾವು ನನಗೆ ಇಷ್ಟ' ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಮೆ ಗುಸ್ತಾ ಎಲ್ ಮಾಂಗೊ' ಎನ್ನುತ್ತಾರೆ. ಇಲ್ಲಿ 'ಮೆ' ಎಂದರೆ ನನಗೆ. ಇಷ್ಟಪಡುವವನು ಕರ್ತೃವಲ್ಲ, ಮಾವು ಕರ್ತೃ. ಹಣ್ಣು ಬಹುವಚನವಾದರೆ ಕ್ರಿಯಾಪದವೂ ಬಹುವಚನ: 'ಮೆ ಗುಸ್ತಾನ್ ಲೊಸ್ ಮಾಂಗೊಸ್'. ಇದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ.

ರಾಯಬಾಗದ ಮಗುವಿಗೆ ಒಂದು ಸಾಲು ಸಾಕು. 'ನನಗೆ ಮಾವಿನಹಣ್ಣು ಸೇರುತ್ತದೆ, ನನಗೆ ಮಾವಿನಹಣ್ಣುಗಳು ಸೇರುತ್ತವೆ.' ಮರಾಠಿಯಲ್ಲಿ 'ಮಲಾ ಆಂಬಾ ಆವಡತೊ, ಮಲಾ ಆಂಬೆ ಆವಡತಾತ'. ಮೂರೂ ಭಾಷೆಗಳಲ್ಲಿ ಒಂದೇ ಕಟ್ಟು. ವ್ಯಾಕರಣದಲ್ಲಿ ಇದನ್ನು ಚತುರ್ಥಿ ವಿಭಕ್ತಿ ಎಂದು ಬಾಯಿಪಾಠ ಮಾಡಿಸಿರುತ್ತಾರೆ. ಆ ಬಾಯಿಪಾಠಕ್ಕೆ ಇಲ್ಲಿ ಬೆಲೆ ಬಂತು.

ಪುಸ್ತಕ ಬೇರೆ, ತಮ್ಮ ಬೇರೆ

'ಪುಸ್ತಕ ಹುಡುಕುತ್ತೇನೆ' ಎನ್ನಬಹುದು. 'ತಮ್ಮ ಹುಡುಕುತ್ತೇನೆ' ಎಂದರೆ ಯಾರೂ ಒಪ್ಪುವುದಿಲ್ಲ, 'ತಮ್ಮನನ್ನು' ಎನ್ನಲೇಬೇಕು. ಮನುಷ್ಯರ ಮಾತು ಬಂದಾಗ ದ್ವಿತೀಯಾ ವಿಭಕ್ತಿಯ 'ಅನ್ನು' ಕಡ್ಡಾಯ, ವಸ್ತುವಿಗೆ ಬಹಳ ಸಲ ಐಚ್ಛಿಕ. ಮರಾಠಿಯಲ್ಲಿಯೂ 'ಪುಸ್ತಕ ಶೋಧತೊ', ಆದರೆ 'ಭಾವಾಲಾ ಶೋಧತೊ'. ಸ್ಪ್ಯಾನಿಷ್‌ನಲ್ಲಿ 'ಬುಸ್ಕೊ ಉನ್ ಲಿಬ್ರೊ', ಪುಸ್ತಕ ಹುಡುಕುತ್ತೇನೆ. 'ಬುಸ್ಕೊ ಆ ಮಿ ಎರ್ಮಾನೊ', ನನ್ನ ತಮ್ಮನನ್ನು ಹುಡುಕುತ್ತೇನೆ. ನಡುವೆ ಬಂದ ಪುಟ್ಟ 'ಆ' ಮಾಡುವ ಕೆಲಸ ಕನ್ನಡದ 'ಅನ್ನು' ಮಾಡುವ ಕೆಲಸವೇ. ಇಂಗ್ಲಿಷ್‌ನಲ್ಲಿ ಇಂಥ ಗುರುತು ಇಲ್ಲ. ಸಾವಿರಾರು ಮೈಲಿ ದೂರದ, ಸಂಬಂಧವೇ ಇಲ್ಲದ ಎರಡು ಭಾಷೆಗಳು ಮನುಷ್ಯನಿಗೂ ವಸ್ತುವಿಗೂ ಒಂದೇ ರೀತಿ ಭೇದ ಮಾಡುವುದನ್ನು ಕಂಡಾಗ ವ್ಯಾಕರಣ ಒಣ ವಿಷಯವೆನಿಸುವುದಿಲ್ಲ.

ಎರಡು 'ಇರು'ಗಳು

ಸ್ಪ್ಯಾನಿಷ್‌ನಲ್ಲಿ 'ಇರುವುದು' ಎಂಬುದಕ್ಕೆ ಎರಡು ಕ್ರಿಯಾಪದಗಳು: 'ಸೆರ್' ಮತ್ತು 'ಎಸ್ತಾರ್'. ಶಾಶ್ವತವಾದದ್ದಕ್ಕೆ ಮೊದಲನೆಯದು, ತಾತ್ಕಾಲಿಕಕ್ಕೆ ಎರಡನೆಯದು ಎಂದು ಅನೇಕ ಇಂಗ್ಲಿಷ್ ಕೈಪಿಡಿಗಳು ಹೇಳಿಕೊಡುತ್ತವೆ. ಆದರೆ ಬೆಳಗಾವಿ ಕರ್ನಾಟಕದಲ್ಲಿದೆ ಎನ್ನುವಾಗ 'ಎಸ್ತಾರ್' ಬೇಕು. ಊರೇನು ನಾಳೆ ಎದ್ದು ಹೋಗುತ್ತದೆಯೆ? ಒಬ್ಬನು ಸತ್ತಿದ್ದಾನೆ ಎನ್ನುವುದಕ್ಕೂ 'ಎಸ್ತಾರ್' ಬೇಕು. ಸಾವಿಗಿಂತ ಶಾಶ್ವತ ಯಾವುದು? ಅಲ್ಲಿಗೆ ಆ ನಿಯಮ ಕೈಕೊಡುತ್ತದೆ.

ಪುಸ್ತಕದ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಕೀಲಿ ಇದೆ. 'ಅವನು ಮಾಸ್ತರ' ಎನ್ನಲು ಕ್ರಿಯಾಪದ ಬೇಡ. ಅಲ್ಲಿ ಸ್ಪ್ಯಾನಿಷ್ 'ಸೆರ್' ಬಳಸುತ್ತದೆ: 'ಎಸ್ ಮಾಯೆಸ್ತ್ರೊ'. 'ಮನೆಯಲ್ಲಿದ್ದಾನೆ' ಎನ್ನಲು 'ಇರು' ಬೇಕು. ಅಲ್ಲಿ 'ಎಸ್ತಾರ್': 'ಎಸ್ತಾ ಎನ್ ಕಾಸಾ'. 'ಬೆಳಗಾವಿ ಕರ್ನಾಟಕದಲ್ಲಿದೆ' ಎಂಬಲ್ಲಿ 'ಇರು' ಇದೆ, 'ಸತ್ತಿದ್ದಾನೆ' ಎಂಬಲ್ಲಿಯೂ ಇದೆ. 'ಅವಳು ನಗುಮುಖದವಳು' ಎಂದರೆ ಸ್ವಭಾವ, 'ಎಸ್ ಆಲೆಗ್ರೆ'. 'ಅವಳು ಇವತ್ತು ಖುಷಿಯಲ್ಲಿದ್ದಾಳೆ' ಎಂದರೆ ಸದ್ಯದ ಸ್ಥಿತಿ, 'ಎಸ್ತಾ ಆಲೆಗ್ರೆ'. ಇದು ಎಲ್ಲ ಕಡೆ ನೂರಕ್ಕೆ ನೂರು ಹೊಂದುವುದಿಲ್ಲ, ಆದರೆ ಆರಂಭದ ವಿದ್ಯಾರ್ಥಿಯನ್ನು ಬಹುದೂರ ಕೈಹಿಡಿದು ನಡೆಸುತ್ತದೆ. ಒಂದು ಎಚ್ಚರ ಅಗತ್ಯ. ಗಡಿಯ ಮನೆಮಾತಿನಲ್ಲಿ 'ಅವ ಮಾಸ್ತರ ಅದಾನ' ಎಂಬ ರೂಪವೂ ಇದೆ. ಅದು ತಪ್ಪಲ್ಲ, ಆದರೆ ಈ ಪರೀಕ್ಷೆಗೆ ಮಾತ್ರ ಪಠ್ಯಪುಸ್ತಕದ ಕನ್ನಡವನ್ನು ಅಳತೆಗೋಲು ಮಾಡಿಕೊಳ್ಳಬೇಕು.

ಮರಾಠಿ ಕೈಹಿಡಿಯುವುದು ಎಲ್ಲಿ?

ಕನ್ನಡ ನೆರವಾಗದ ಜಾಗಗಳಿವೆ. ಅವುಗಳಲ್ಲಿ ದೊಡ್ಡದು ಲಿಂಗ. ಸ್ಪ್ಯಾನಿಷ್‌ನಲ್ಲಿ ಪುಸ್ತಕ ಪುಲ್ಲಿಂಗ, ಮನೆ ಸ್ತ್ರೀಲಿಂಗ. ಅದಕ್ಕೆ ಕಾರಣ ಕೇಳುವಂತಿಲ್ಲ. ಗುಣವಾಚಕವೂ ನಾಮಪದದ ಲಿಂಗ ಹಿಡಿದು ಬದಲಾಗುತ್ತದೆ: 'ಗಾತೊ ನೇಗ್ರೊ' ಕರಿ ಗಂಡುಬೆಕ್ಕು, 'ಗಾತಾ ನೇಗ್ರಾ' ಕರಿ ಹೆಣ್ಣುಬೆಕ್ಕು. ಕನ್ನಡದ 'ಕರಿ' ಯಾವುದಕ್ಕೂ ಕದಲುವುದಿಲ್ಲ. ಆದರೆ 'ಕಾಳಾ ಘೋಡಾ, ಕಾಳೀ ಘೋಡೀ' ಎಂದು ಕೇಳಿ ಬೆಳೆದ ನಿಪ್ಪಾಣಿಯ ಮಗುವಿಗೆ ಈ ಹೊಂದಾಣಿಕೆ ವಿಚಿತ್ರವೆನಿಸದು. ಹಾಗೆಂದು ಮರಾಠಿಯ ಲಿಂಗವನ್ನು ಹಾಗೆಯೇ ಎತ್ತಿ ತರಬಾರದು. ನದಿ ಮರಾಠಿಯಲ್ಲಿ ಸ್ತ್ರೀಲಿಂಗ, ಸ್ಪ್ಯಾನಿಷ್‌ನ 'ರೀಯೊ' ಪುಲ್ಲಿಂಗ. ಮರಾಠಿಯ 'ಘರ' ನಪುಂಸಕ, ಸ್ಪ್ಯಾನಿಷ್‌ನ 'ಕಾಸಾ' ಸ್ತ್ರೀಲಿಂಗ. ಬಹುಮಟ್ಟಿಗೆ 'ಒ'ಕಾರದಿಂದ ಮುಗಿದರೆ ಪುಲ್ಲಿಂಗ, 'ಆ'ಕಾರದಿಂದ ಮುಗಿದರೆ ಸ್ತ್ರೀಲಿಂಗ. ಆದರೂ ಕೈ ಎಂಬರ್ಥದ 'ಮಾನೊ' ಸ್ತ್ರೀಲಿಂಗ, ದಿನ ಎಂಬರ್ಥದ 'ದೀಯಾ' ಪುಲ್ಲಿಂಗ. ಪ್ರತಿ ಶಬ್ದವನ್ನೂ ಅದರ ಮುಂದಿನ 'ಎಲ್' ಅಥವಾ 'ಲಾ' ಸಮೇತ ಕಲಿಯುವುದೇ ದಾರಿ.

'ನಿನ್ನೆ ಬಂದ ಹುಡುಗ' ಎಂದು ಕನ್ನಡ ಕ್ರಿಯೆಯನ್ನು ಮುಂದೆ ಕಟ್ಟುತ್ತದೆ. ಸ್ಪ್ಯಾನಿಷ್ ಅದನ್ನು ಹುಡುಗನ ಹಿಂದೆ, ಪ್ರತ್ಯೇಕ ವಾಕ್ಯವಾಗಿ ಕಟ್ಟುತ್ತದೆ. ಇಲ್ಲಿಯೂ ಮರಾಠಿಯ 'ಜೊ ... ತೊ' ಪ್ರಯೋಗ ಗೊತ್ತಿದ್ದವರಿಗೆ ಅರ್ಧ ಕೆಲಸ ಹಗುರ. ಕರ್ತೃ, ಕ್ರಿಯೆ, ಕರ್ಮ ಎಂಬ ಪದಕ್ರಮಕ್ಕೆ ಮತ್ತು ನೂರಾರು ಲ್ಯಾಟಿನ್ ಮೂಲದ ಶಬ್ದಗಳಿಗೆ ಇಂಗ್ಲಿಷ್ ಸಹಾಯಕ್ಕೆ ಬರುತ್ತದೆ. ಒಂದೊಂದು ಭಾಷೆ ಒಂದೊಂದು ಕಡೆ ಕೈ ಕೊಟ್ಟು ಎತ್ತುತ್ತದೆ.

'ಬರಲಿ', 'ಬಂದಾನು'

ಸ್ಪ್ಯಾನಿಷ್‌ನಲ್ಲಿ ನಡೆದ ಸಂಗತಿಗೆ ಒಂದು ರೂಪ. ಹಾರೈಕೆ, ಸಂಶಯ, ನಿರೀಕ್ಷೆಗೆ ಬೇರೊಂದು ರೂಪ. ಈ ಎರಡನೆಯದಕ್ಕೆ 'ಸುಬ್‌ಹುಂತೀಬೊ' ಎಂದು ಹೆಸರು. ಅನೇಕರು ಸ್ಪ್ಯಾನಿಷ್ ಬಿಟ್ಟು ಓಡುವುದು ಈ ಪಾಠದಲ್ಲಿ. ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ಸಂಭಾವನಾರ್ಥಕ ಎಂದು ಓದಿದ್ದು ನೆನಪಿದ್ದರೆ ಓಡಬೇಕಾಗಿಲ್ಲ. 'ಬರುತ್ತಾನೆ' ಎಂದರೆ 'ಬ್ಯೆನೆ'. 'ಬರಲಿ' ಎಂದರೆ 'ಕೆ ಬೆಂಗಾ'. 'ಬಂದಾನು' ಎಂದರೆ 'ಕಿಸಾಸ್ ಬೆಂಗಾ'. ಕನ್ನಡದಲ್ಲಿ ಎರಡು ರೂಪ ಮಾಡುವ ಕೆಲಸವನ್ನು ಸ್ಪ್ಯಾನಿಷ್‌ನಲ್ಲಿ ಒಂದೇ 'ಬೆಂಗಾ' ಮಾಡುತ್ತದೆ. ಮಳೆಯ ದಾರಿ ಕಾಯುವ ರೈತನ 'ಮಳೆ ಬರಲಿ' ಎಂಬ ಮಾತಿಗೆ ಸ್ಪ್ಯಾನಿಷ್ ರೈತ 'ಓಹಾಲಾ ಯ್ವೇಬಾ' ಎನ್ನುತ್ತಾನೆ. ಆ 'ಓಹಾಲಾ' ಅರಬ್ಬಿಯಿಂದ ಬಂದದ್ದು. ದೇವರು ಮನಸ್ಸು ಮಾಡಿದರೆ ಎಂದು ಅದರ ಮೂಲಾರ್ಥ.

ಉಚ್ಚಾರದ ಮಾತು ಬೇಗ ಮುಗಿಯುತ್ತದೆ. ಸ್ಪ್ಯಾನಿಷ್‌ನ ತ, ದ ಕನ್ನಡದವೇ. ಮಹಾಪ್ರಾಣವಿಲ್ಲ, ಟ, ಡ, ಳ ಇಲ್ಲ. ವರ್ಣಮಾಲೆಯಲ್ಲಿ ಕಲಿತು ಮುಂದೆ ಬಳಸದೇ ಬಿಟ್ಟ 'ಞ' ಅಲ್ಲಿ ಜೀವಂತವಾಗಿದೆ: ಮಗು ಎಂದರೆ 'ನೀಞೊ', ದೇಶದ ಹೆಸರು 'ಎಸ್ಪಾಞಾ'. 'ಪೇರೊ' ಎಂದರೆ ಆದರೆ, ನಾಲಿಗೆ ಹೆಚ್ಚು ಅದುರಿಸಿ 'ಪೆರ್ರೊ' ಎಂದರೆ ನಾಯಿ. ಹ್ರಸ್ವ ದೀರ್ಘಗಳ ಬದಲು ಅಲ್ಲಿ ಒತ್ತು ಮುಖ್ಯ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ 'ಪಾಪಾ' ಬಟಾಟಿ, ಎರಡನೆಯದಕ್ಕೆ ಕೊಟ್ಟರೆ ಅಪ್ಪ.

ಕಥೆಯನ್ನು ಉಳಿಸಿದ ಎರಡು ಭಾಷೆಯವನು

ವ್ಯಾಕರಣ ಕಲಿಯುವುದು ಕೊನೆಗೆ ಓದುವುದಕ್ಕಾಗಿ. ಸ್ಪ್ಯಾನಿಷ್ ಸಾಹಿತ್ಯದ ಹೆಬ್ಬಾಗಿಲು ಮಿಗೆಲ್ ದೆ ಸೆರ್ವಾಂತೆಸ್ ಬರೆದ 'ದೊನ್ ಕಿಹೋತೆ'. ಇಂಗ್ಲಿಷ್ ದಾರಿಯಿಂದ ಕನ್ನಡಕ್ಕೆ ಬಂದಾಗ ಅವನು ಡಾನ್ ಕ್ವಿಕ್ಸಾಟ್ ಆದ. ಅದರ ಮೊದಲ ಭಾಗ 1605ರಲ್ಲಿ, ಎರಡನೆಯ ಭಾಗ 1615ರಲ್ಲಿ ಬಂತು. ಭಟ್ಟಾಕಳಂಕನ ಕನ್ನಡ ವ್ಯಾಕರಣ 'ಕರ್ಣಾಟಕ ಶಬ್ದಾನುಶಾಸನ' ಮುಗಿದದ್ದು 1604ರಲ್ಲಿ. ಸ್ಪ್ಯಾನಿಷ್‌ನ ಮೊದಲ ವ್ಯಾಕರಣವನ್ನು ನೆಬ್ರಿಹಾ ಅಚ್ಚು ಹಾಕಿಸಿದ್ದು 1492ರಲ್ಲಿ. ಕೇಶಿರಾಜನ 'ಶಬ್ದಮಣಿದರ್ಪಣ' ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನದು. ವ್ಯಾಕರಣದ ವಿಷಯದಲ್ಲಿ ಕನ್ನಡದ ಮಗು ತಲೆ ತಗ್ಗಿಸಬೇಕಾದ ಕಾರಣವಿಲ್ಲ.

ದೊನ್ ಕಿಹೋತೆಯ ಎಂಟನೆಯ ಅಧ್ಯಾಯದ ಕೊನೆಯಲ್ಲಿ ಒಂದು ಚಮತ್ಕಾರ ನಡೆಯುತ್ತದೆ. ಇಬ್ಬರು ಕತ್ತಿ ಎತ್ತಿ ನಿಂತಿದ್ದಾರೆ, ಏಟು ಬೀಳಬೇಕು, ಅಷ್ಟರಲ್ಲಿ ಕಥೆ ನಿಂತುಬಿಡುತ್ತದೆ. ಮುಂದಿನ ಭಾಗ ಸಿಗಲಿಲ್ಲ ಎನ್ನುತ್ತಾನೆ ಲೇಖಕ. ಒಂಬತ್ತನೆಯ ಅಧ್ಯಾಯದಲ್ಲಿ ತೊಲೇದೊ ಪಟ್ಟಣದ ಪೇಟೆಯಲ್ಲಿ ಒಬ್ಬ ಹುಡುಗ ಹಳೆಯ ಕಾಗದದ ಕಟ್ಟು ಮಾರಲು ಬರುತ್ತಾನೆ. ಅವು ಅರಬ್ಬಿಯಲ್ಲಿವೆ. ಪೇಟೆಯಲ್ಲಿ ಅರಬ್ಬಿಯೂ ಸ್ಪ್ಯಾನಿಷ್ಷೂ ಬಲ್ಲ ಒಬ್ಬ ಮೊರಿಸ್ಕೊ, ಅಂದರೆ ಕ್ರೈಸ್ತನಾದ ಮುಸಲ್ಮಾನ ಮನೆತನದವನು ಸಿಗುತ್ತಾನೆ. ಓದಿ ನೋಡಿದರೆ ಅದೇ ಕಥೆಯ ಮುಂದುವರಿಕೆ! ಒಣದ್ರಾಕ್ಷಿ ಮತ್ತು ಗೋಧಿಯ ಪಗಾರಕ್ಕೆ ಅವನು ಅದನ್ನೆಲ್ಲ ಅನುವಾದಿಸಿಕೊಡುತ್ತಾನೆ. ಇದೆಲ್ಲ ಸೆರ್ವಾಂತೆಸನ ಕಟ್ಟುಕಥೆಯೇ. ಆದರೆ ಸ್ಪೇನಿನ ಅತಿ ದೊಡ್ಡ ಕಾದಂಬರಿ 'ನನ್ನನ್ನು ಉಳಿಸಿದವನು ಪೇಟೆಯಲ್ಲಿ ಸಿಕ್ಕ ಎರಡು ಭಾಷೆಯವನು' ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡಿದೆ ಎಂಬುದನ್ನು ಮರೆಯಬಾರದು. 1609ರಿಂದ ಸ್ಪೇನಿನ ದೊರೆ ಆ ಮೊರಿಸ್ಕೊ ಜನರನ್ನು ದೇಶದಿಂದ ಹೊರಹಾಕಿದ. ಎರಡನೆಯ ಭಾಗದಲ್ಲಿ ರಿಕೋತೆ ಎಂಬ ಅಂಥ ಒಬ್ಬ ನೆರೆಯವನು ವೇಷ ಮರೆಸಿಕೊಂಡು ತನ್ನ ಊರಿನ ಕಡೆ ಬರುತ್ತಾನೆ. ಎರಡು ಮಾತಿನವರನ್ನು ಕಳೆದುಕೊಂಡ ಊರಿನ ಸಂಕಟ ಅಲ್ಲಿ ಓದುಗನಿಗೆ ತಟ್ಟುತ್ತದೆ.

ಕಿಹೋತೆಯ ಜೊತೆಗಾರ ಸಾಂಚೊ ಪಾನ್ಸಾ ಬಾಯಿ ತೆರೆದರೆ ಗಾದೆ. ಯಜಮಾನ ಎಷ್ಟು ಬೈದರೂ ಅವನು ನಿಲ್ಲಿಸುವುದಿಲ್ಲ. ಹಳ್ಳಿಯ ಅಜ್ಜಿಯರ ಮಾತು ಕೇಳಿ ಬೆಳೆದವರಿಗೆ ಅವನು ಬೇರೆಯವನೆನಿಸಲಾರ. ಸ್ಪ್ಯಾನಿಷ್‌ನಲ್ಲಿ 'ದೆ ತಾಲ್ ಪಾಲೊ, ತಾಲ್ ಆಸ್ತೀಯಾ' ಎಂದರೆ ಎಂಥ ಕಟ್ಟಿಗೆಯೋ ಅಂಥ ಸಿಬಿರು. ಕನ್ನಡದಲ್ಲಿ ನೂಲಿನಂತೆ ಸೀರೆ. ಆರಂಭದವರಿಗೆ ಇಂಥ ಗಾದೆಗಳೇ ಮೊದಲ ಸಾಹಿತ್ಯ.

ಅನಂತರ ಪಾಬ್ಲೊ ನೆರೂದಾನ ಸರಳ ಪದ್ಯಗಳಿವೆ. 1954ರ ಸಂಗ್ರಹವೊಂದರಲ್ಲಿ ಅವನು ಟೊಮೆಟೊ, ಉಳ್ಳಾಗಡ್ಡಿಯನ್ನು ಹಾಡಿ ಹೊಗಳಿದ್ದಾನೆ. 1953 ಮತ್ತು 1955ರಲ್ಲಿ ಬಂದ ಹುವಾನ್ ರುಲ್ಫೊನ ಎರಡು ಪುಟ್ಟ ಪುಸ್ತಕಗಳಲ್ಲಿ ಮೆಕ್ಸಿಕೊದ ಬರಗಾಲದ ಹಳ್ಳಿಗಳಿವೆ. ಅಥಣಿಯ ಬಿಸಿಲು ಕಂಡವರಿಗೆ ಆ ನೆಲದ ಪರಿಚಯ ಬೇಕಿಲ್ಲ. ಓ.ಎಲ್. ನಾಗಭೂಷಣಸ್ವಾಮಿಯವರು ರುಲ್ಫೊನ 'ಪೆದ್ರೊ ಪರಾಮೊ'ವನ್ನು, ಎ.ಎನ್. ಪ್ರಸನ್ನ ಅವರು ಗಾರ್ಸಿಯಾ ಮಾರ್ಕೆಸ್‌ನ ನೂರು ವರ್ಷಗಳ ಏಕಾಂತದ ಕಾದಂಬರಿಯನ್ನು ಕನ್ನಡಕ್ಕೆ ತಂದಿದ್ದಾರೆ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಮೂಲದ ಒಂದೊಂದು ಪುಟ ಬಿಡಿಸುವುದು ಒಳ್ಳೆಯ ಕ್ರಮ.

ಪಾಲಕರ ಪ್ರಶ್ನೆ

ಇದರಿಂದ ನೌಕರಿ ಸಿಗುತ್ತದೆಯೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ, 20 ದೇಶಗಳ ಆಡಳಿತ ಭಾಷೆ, ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಅನುವಾದ, ಪ್ರವಾಸ, ರಫ್ತು, ಬೋಧನೆಯ ಕ್ಷೇತ್ರಗಳಲ್ಲಿ ಇದಕ್ಕೆ ಬೇಡಿಕೆ ಇದೆ. ಆದರೆ ಆರು ತಿಂಗಳ ಕ್ಲಾಸು ಮುಗಿಸಿದ ಮಾತ್ರಕ್ಕೆ ಕೆಲಸ ಕೈಗೆ ಬರುವುದಿಲ್ಲ. ಭಾಷೆಯ ಮಟ್ಟವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಮೊದಲೆರಡು ಮೆಟ್ಟಿಲು ಪರಿಚಯ ಮಾತ್ರ. ಮಧ್ಯದ ಮೆಟ್ಟಿಲು ದಾಟಿದ ಮೇಲೆ, ಅದರ ಜೊತೆಗೆ ಇನ್ನೊಂದು ವಿದ್ಯೆಯೂ ಇದ್ದರೆ ಬೆಲೆ ಬರುತ್ತದೆ. ದಿಲ್ಲಿಯ ಇನ್ಸ್ತಿತೂತೊ ಸೆರ್ವಾಂತೆಸ್ ಎಂಬ ಸ್ಪೇನ್ ಸರಕಾರದ ಸಂಸ್ಥೆ ನಡೆಸುವ 'ದೆಲೆ' ಪರೀಕ್ಷೆಯ ಪ್ರಮಾಣಪತ್ರಕ್ಕೆ ಎಲ್ಲೆಡೆ ಮನ್ನಣೆ ಇದೆ. ಪದವಿಗೇ ಓದಬಯಸುವವರಿಗೆ ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ ಮತ್ತು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇವೆ. ಖಾಸಗಿ ಕ್ಲಾಸಿಗೆ ಫೀ ಕಟ್ಟುವ ಮೊದಲು ಕಲಿಸುವವರು ಯಾವ ಮೆಟ್ಟಿಲು ದಾಟಿದವರೆಂದು ವಿಚಾರಿಸುವುದು ಪಾಲಕರ ಕರ್ತವ್ಯ.

ಹೊಸ ಭಾಷೆಯಿಂದ ಮನೆಮಾತು ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡದ ಕವಿಯಾದರು. ಚಿಕ್ಕೋಡಿ ಭಾಗದ ಸದಲಗಾದಲ್ಲಿ 1946ರಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಮುಂದೆ ಜೈನ ಮುನಿ ಆಚಾರ್ಯ ವಿದ್ಯಾಸಾಗರರಾಗಿ 1988ರಲ್ಲಿ 'ಮೂಕಮಾಟಿ' ಎಂಬ ಮಹಾಕಾವ್ಯವನ್ನು ಹಿಂದಿಯಲ್ಲಿ ಪ್ರಕಟಿಸಿದರು. ಕಲಿತ ಭಾಷೆಯಲ್ಲಿ ಕಾವ್ಯ ಬರೆಯುವಷ್ಟು ದೂರ ಗಡಿಭಾಗದ ಮಕ್ಕಳು ನಡೆದಿದ್ದಾರೆ.

ನಾಲ್ಕು ಮನೆಯ ವಹಿ

ಶಿಕ್ಷಕರು ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನೂರು ಪುಟದ ಒಂದು ವಹಿ ತಂದು ಪ್ರತಿ ಪುಟಕ್ಕೂ ನಾಲ್ಕು ಮನೆ ಗೆರೆ ಹಾಕಬೇಕು: ಕನ್ನಡ, ಮರಾಠಿ ಅಥವಾ ಉರ್ದು, ಇಂಗ್ಲಿಷ್, ಸ್ಪ್ಯಾನಿಷ್. ದಿನಕ್ಕೆ ಒಂದೇ ವಾಕ್ಯ ಸಾಕು. 'ನನಗೆ ಹಸಿವಾಗಿದೆ', 'ಅಕ್ಕನನ್ನು ಕರೆದೆ', 'ಮಳೆ ಬರಲಿ' ಎಂಬಂಥವು. ನಾಲ್ಕನೆಯ ಮನೆ ತುಂಬಲು ಒಂದು ಶಬ್ದಕೋಶ, ಒಂದು ಕೈಪಿಡಿ ಇದ್ದರಾಯಿತು. ಬರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಸ್ಪ್ಯಾನಿಷ್ ಯಾವ ಭಾಷೆಯ ಹತ್ತಿರ ನಿಂತಿದೆ? ಎಲ್ಲಿ ಒಂದೂ ಹೊಂದಲಿಲ್ಲ? ಹೊಂದದ ಸಾಲುಗಳಿಗೆ ಕೆಂಪು ಶಾಯಿಯ ಗುರುತು. ಕೂತು ಕಲಿಯಬೇಕಾದದ್ದು ಅವಿಷ್ಟೇ.

ಮರಾಠಿಯ ಮನೆ ತುಂಬಲು ನೆರೆಮನೆಯವರನ್ನು ಕೇಳಬೇಕಾದೀತು. 'ಇದಕ್ಕೆ ನಿಮ್ಮಲ್ಲಿ ಏನಂತಾರೆ?' ಎಂದು ಮಗು ಕೇಳಿದಾಗ ಹಿರಿಯರು ನಾಲ್ಕು ಮಾತು ಹೆಚ್ಚಿಗೆ ಹೇಳುತ್ತಾರೆ. ತಾವಾಡುವ ಮಾತಿಗೂ ವ್ಯಾಕರಣವಿದೆ, ಅದು ಮೊಮ್ಮಗಳ ವಹಿಯಲ್ಲಿ ಸ್ಪೇನ್ ದೇಶದ ಮಾತಿನ ಪಕ್ಕ ಸರಿಸಮನಾಗಿ ಕೂತಿದೆ ಎಂಬುದನ್ನು ಅವರೂ ಆಗ ನೋಡುತ್ತಾರೆ.